ಮಾಯಮ್ಮ ತೊಟ್ಟ ಅಂಗಿ

ಬೆಟ್ಟದಪುರದ ಬಸ್ ನಿಲ್ದಾಣದ ಎದುರು ನಲವತ್ತೊಂದು ವರ್ಷದಿಂದ ಗಂಡಸರ ಅಂಗಿ ಹೊಲಿಯುತ್ತಿದ್ದೇನೆ. ಹೆಸರು ಗುರುಮಲ್ಲಪ್ಪ. ನನ್ನ ಕೈಯ ಕಾಲರ್ ಒಮ್ಮೆ ತೊಟ್ಟವನು ಪಿರಿಯಾಪಟ್ಟಣಕ್ಕೆ ಹೋಗಿ ಬೇರೆ ಟೈಲರ್‌ನನ್ನು ಹುಡುಕಿದ್ದಿಲ್ಲ. ಜಂಬ ಅಂದರೆ ಜಂಬವೇ, ಇರಲಿ ಬಿಡಿ. ಈ ಜಂಬದಿಂದಾಗಿಯೇ ಹೋದ ವರ್ಷ ಒಬ್ಬ ಹೆಂಗಸಿನ ಮಾನ ಒಂಬತ್ತು ದಿನ ಬೀದಿಪಾಲಾಗಿತ್ತು. ಅದನ್ನು ಎತ್ತಿ ತಂದವನು ನಾನಲ್ಲ. ಇಪ್ಪತ್ತೊಂದು ಹೆಂಗಸರು ಮತ್ತು ಒಬ್ಬ ಹುಡುಗಿ. ನೆನೆದಾಗಲೆಲ್ಲ ನನಗೆ ನಾಚಿಕೆಯೂ ಆಗುತ್ತದೆ, ಎದೆಯೂ ಉಬ್ಬುತ್ತದೆ.

ಅದು ಹೊಗೆಸೊಪ್ಪಿನ ಕಾಲ. ನಮ್ಮೂರಿಗೆ ಮೂರು ಮೈಲಿ ದೂರದಲ್ಲಿ ಒಂದು ಊರಿದೆ, ಎಲ್ಲರೂ ಕೊಪ್ಪಲು ಎಂದಷ್ಟೇ ಕರೆಯುತ್ತಾರೆ. ಅಲ್ಲಿಯ ಯಜಮಾನ ಷಣ್ಮುಖಪ್ಪ ಎರಡು ಅಂಗಿ ಹೊಲಿಸಬೇಕು, ಅಂಗಡಿಗೆ ಬರಲು ಪುರುಸೊತ್ತಿಲ್ಲ, ನೀನೇ ಬಂದು ಅಳತೆ ತಗೊಂಡು ಹೋಗು ಎಂದು ಫೋನ್ ಮಾಡಿದ್ದರು. ಸೊಪ್ಪಿನ ಕಾಲದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಬೆಳಗ್ಗೆ ಮುರಿದ ಎಲೆಯನ್ನು ಅವತ್ತೇ ಕಡ್ಡಿಗೆ ಕಟ್ಟಿ, ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್ ಎಂಬ ಎತ್ತರದ ಮನೆಯೊಳಕ್ಕೆ ಏರಿಸಬೇಕು. ಬಿಟ್ಟರೆ ರಾಶಿಯಲ್ಲೇ ಕಾವು ಹಿಡಿದು ಕಪ್ಪಾಗುತ್ತದೆ. ಕಟ್ಟುವುದು ಹೆಂಗಸರ ಕೆಲಸ. ಇವತ್ತು ಈ ಮನೆಯ ಅಂಗಳ, ನಾಳೆ ಆ ಮನೆಯ ಅಂಗಳ ಎಂದು ಮುಯ್ಯಾಳಾಗಿ ಸೇರಿ ಕಟ್ಟುತ್ತಾರೆ. ಹೊಲವಿಲ್ಲದವರು ಕೂಲಿಗೆ ಬರುತ್ತಾರೆ.

ಹಸಿ ಹೊಗೆಸೊಪ್ಪಿನ ಅಂಟು ಸಾಮಾನ್ಯದ್ದಲ್ಲ. ಮೈಗೆ ಹತ್ತಿದರೆ ಉರಿ, ಬಟ್ಟೆಗೆ ಹತ್ತಿದರೆ ಹೋಗದ ಕಪ್ಪು. ಅದಕ್ಕೇ ನಮ್ಮ ಕಡೆ ಹೆಂಗಸರು ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಕೂರುತ್ತಾರೆ. ಗಂಡನದು, ಇಲ್ಲವೇ ಅಣ್ಣತಮ್ಮಂದಿರದು, ಮಗನದು. ಬೇರೆ ಗಂಡಸಿನ ಅಂಗಿ ಮಾತ್ರ ತೊಡುವ ಹಾಗಿಲ್ಲ. ಎಲ್ಲಿಯೂ ಬರೆದಿಟ್ಟ ಕಾನೂನಲ್ಲ, ಆದರೆ ಬರೆದಿಟ್ಟದ್ದಕ್ಕಿಂತ ಬಿಗಿ.

ಷಣ್ಮುಖಪ್ಪನವರ ಅಂಗಳದಲ್ಲಿ ಇಪ್ಪತ್ತು ಹೆಂಗಸರು ಕೂತು ಸೊಪ್ಪು ಕಟ್ಟುತ್ತಿದ್ದರು. ನಾನು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಅವರನ್ನು ದಾಟಿ ಹೋಗುವಾಗ ಒಂದು ಚೌಕುಳಿ ಅಂಗಿ ಕಣ್ಣಿಗೆ ಬಿತ್ತು. ತೊಟ್ಟಿದ್ದವಳು ಮಾಯಮ್ಮ. ಗಂಡ ಚಲುವಯ್ಯ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಗಂಡುಮಕ್ಕಳಿಲ್ಲ, ಕೂಲಿ ಮಾಡಿ ಒಬ್ಬಳೇ ಮಗಳನ್ನು ಮೈಸೂರಿನಲ್ಲಿ ಓದಿಸುತ್ತಿದ್ದಳು. ಅಂಗಿಯ ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿತ್ತು. ಹಾಗೆ ಇಳಿಸಿ ಕತ್ತರಿಸಿದವನು ನಾನೇ. ಮೂಟೆ ಹೊತ್ತು ಹೊತ್ತು ಬಲಭುಜ ಜಗ್ಗಿದ್ದ ಒಬ್ಬ ಗಿರಾಕಿಗೆ ಅಂಗಿ ಸರಿಯಾಗಿ ಕೂರಲೆಂದು ಮಾಡಿದ ಉಪಾಯ. ನನ್ನ ಕೆಲಸ ಇಷ್ಟು ವರ್ಷ ತಾಳಿದೆಯಲ್ಲ ಎಂಬ ಖುಷಿಗೆ ನಾಲಿಗೆ ತಡೆಯಲಿಲ್ಲ.

"ಏನವ್ವ ಮಾಯಮ್ಮ, ಈ ಅಂಗಿ ನಾನೇ ಒಲ್ದಿದ್ದು ಕಣವ್ವ. ನಮ್ಮ ಕಾಂತರಾಜೂದಲ್ವಾ?"

ಅಂಗಳದಲ್ಲಿ ಓಡುತ್ತಿದ್ದ ಕೈಗಳೆಲ್ಲ ನಿಂತವು. ಕಾಂತರಾಜು ಅದೇ ಊರಿನವನು. ಅವನ ಹೆಂಡತಿ ಸುಂದ್ರಮ್ಮ ಅಲ್ಲೇ, ಮಾಯಮ್ಮನಿಂದ ನಾಲ್ಕು ಮಾರು ಆಚೆ ಕೂತಿದ್ದಳು. ಅವಳ ಮುಖ ಸುಣ್ಣ ಬಳಿದಂತಾಯಿತು. ಮತ್ತೆ ತಲೆ ಬಗ್ಗಿಸಿ ಎಲೆ ಕಟ್ಟತೊಡಗಿದಳು.

"ನಂಗೇನ್ ಗೊತ್ತು ಅಣ್ಣಯ್ಯ?" ಎಂದಳು ಮಾಯಮ್ಮ. "ನಮ್ಮೆಜಮಾನ್ರ ಅಂಗಿಗಳೆಲ್ಲ ಅರ್ದು ಚಿಂದಿಯಾಗೋದ್ವು. ಉಣಸೂರು ಸಂತೇಲಿ ಅಳೇ ಬಟ್ಟೆ ಗುಡ್ಡೇಲಿ ಇತ್ತು, ತಗಂಡು ಬಂದೆ."

ಆ ಮಾತು ನಿಜವೆಂದು ನನಗೆ ಆಗಲೇ ಅನ್ನಿಸಿತು. ಆದರೆ ಬಾಯಿಂದ ಹೊರಟದ್ದನ್ನು ಹಿಡಿದು ಒಳಗೆ ಹಾಕಿಕೊಳ್ಳಲು ಆಗುತ್ತದೆಯೇ? ಸಂಜೆಯ ಹೊತ್ತಿಗೆ ಊರೆಲ್ಲ ಗುಲ್ಲು. ಕಾಂತರಾಜು ಊರ ನ್ಯಾಯ ನಡೆಯುವ ಕಟ್ಟೆಯ ಮೇಲೆ ನಿಂತು, "ನನ್ ಅಂಗಿ ತಂತಿ ಮೇಲಿಂದ ಕಳುವಾಯ್ತು ಅಂತ ನನ್ನೆಂಡ್ರೇ ಏಳಿದ್ಲು. ಈಗ ನೋಡಿದ್ರೆ ಇವಳ ಮೈಮ್ಯಾಲದೆ," ಎಂದು ಕೂಗಾಡಿದ. ಸುಂದ್ರಮ್ಮನನ್ನು ಕೇಳಿದರೆ ಹೂಂ ಎಂದು ತಲೆಯಾಡಿಸಿದಳು. ಅಲ್ಲಿಗೆ ಮಾಯಮ್ಮ ಕಳ್ಳಿಯಾದಳು. ಕಳ್ಳಿಯಲ್ಲದಿದ್ದರೆ ಅದಕ್ಕಿಂತ ಕೆಟ್ಟವಳು, ಕಾಂತರಾಜನೇ ಕೊಟ್ಟಿರಬೇಕು ಎಂದು ಇನ್ನು ಕೆಲವರು. ಯಾವನೋ ಪುಣ್ಯಾತ್ಮ ಆ ಅಂಗಿ ತೊಟ್ಟ ಅವಳ ಫೋಟೋವನ್ನು ಊರಿನ ವಾಟ್ಸಾಪ್ ಗುಂಪಿಗೂ ಹಾಕಿದ.

ಶನಿವಾರ ಯಜಮಾನರ ತೀರ್ಮಾನವಾಯಿತು. ಬರುವ ಸೋಮವಾರ ಬಿಟ್ಟು ಮುಂದಿನ ಸೋಮವಾರ ಬೆಳಗ್ಗೆ ಮಾಯಮ್ಮ ಕಟ್ಟೆಗೆ ಬರಬೇಕು. ಅಂಗಿಯನ್ನು ಸುಂದ್ರಮ್ಮನ ಕೈಗೆ ಕೊಟ್ಟು, ಬೆಟ್ಟದ ಸ್ವಾಮಿಯ ಕಡೆ ಮುಖ ಮಾಡಿ, ಊರಿಗೆಲ್ಲ ಕೇಳುವ ಹಾಗೆ ತಪ್ಪಾಯ್ತು ಅನ್ನಬೇಕು. ಅಲ್ಲಿಯವರೆಗೆ ಯಾರೂ ಅವಳನ್ನು ಸೊಪ್ಪಿನ ಕೆಲಸಕ್ಕೆ ಕರೆಯಕೂಡದು. ನಾನು ಷಣ್ಮುಖಪ್ಪನವರ ಹತ್ತಿರ ಹೋಗಿ, ಸಂತೆಗೆ ಎಲ್ಲಿಂದಲೋ ಬಂದಿರಬಹುದು ಸ್ವಾಮಿ ಎಂದು ಹಲ್ಲುಗಿಂಜಿದೆ. "ಗುರುತು ಹಿಡಿದೋನು ನೀನೇ ಅಲ್ವೇನಪ್ಪ?" ಎಂದರು. ಬಾಲ ಮುದುರಿಕೊಂಡು ವಾಪಸು ಬಂದೆ.

ಮಾರನೆಯ ದಿನ ಭಾನುವಾರ. ಅಂಗಡಿ ಬಾಗಿಲು ತೆಗೆದು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಮೈಸೂರು ಬಸ್ಸಿನಿಂದ ಪದ್ಮಶ್ರೀ ಇಳಿದಳು. ಮಾಯಮ್ಮನ ಮಗಳು. ಮೈಸೂರಿನ ಒಂದು ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದಳು, ಕೊನೆಯ ವರ್ಷ. ಅವಳು ಸೇರಿದಾಗ ನಾನು, ಹರಿದ ಪ್ಯಾಂಟು ಹೊಲಿಯುವುದಕ್ಕೂ ಕಾಲೇಜು ಬೇಕೇನೇ ಎಂದು ಗೇಲಿ ಮಾಡಿದ್ದೆ. ಈಗ ಎದುರಿಗೆ ನಿಂತವಳನ್ನು ಕಂಡು ಎಣ್ಣೆಬುಡ್ಡಿ ಕೆಳಗಿಟ್ಟೆ. ಬೈಯಲಿ, ಉಗಿಯಲಿ, ಬಡ್ಡಿಸಮೇತ ಈಸಿಕೊಳ್ಳೋಣ ಎಂದು ತಲೆ ಬಗ್ಗಿಸಿ ಕೂತೆ.

ಅವಳು ಬೈಯಲಿಲ್ಲ. "ಮಾವ, ನಿಮ್ಮ ಎರಡನೇ ಮಿಷನ್ ಎಂಟು ದಿನ ನಂಗೆ ಬೇಕು," ಎಂದಳು. "ನೀವೂ ಬೇಕು."

ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಪೆನ್ಸಿಲ್ಲಿನಲ್ಲಿ ಬರೆದ ಚಿತ್ರಗಳು. ತೆಳ್ಳನೆಯ ಸಿನಿಮಾ ಹುಡುಗಿಯರಿರಬಹುದು ಅಂದುಕೊಂಡಿದ್ದೆ. ಪುಟಪುಟದಲ್ಲೂ ಇದ್ದವಳು ಮಾಯಮ್ಮ. ಮಾಯಮ್ಮ ಕೂತು ಕಡ್ಡಿಗೆ ಎಲೆ ಕಟ್ಟುತ್ತಿರುವುದು, ಮಾಯಮ್ಮ ಬಗ್ಗಿ ಎಲೆ ಬಾಚುತ್ತಿರುವುದು, ಮಾಯಮ್ಮ ತೋಳೆತ್ತಿ ಕಡ್ಡಿಯನ್ನು ಮೇಲಕ್ಕೆ ಕೊಡುತ್ತಿರುವುದು. ಅವಳ ಮೈಮೇಲೆ ನಾನು ಕಂಡಿರದ ಒಂದು ಉಡುಪು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲಿ ಎಳೆಯುತ್ತದೆ, ಎಲ್ಲಿ ಉಜ್ಜುತ್ತದೆ, ಅಂಟು ಎಲ್ಲಿಂದ ಒಳಗೆ ಹೋಗುತ್ತದೆ ಎಂದು ಟಿಪ್ಪಣಿ. ಪರೀಕ್ಷೆಗೆಂದು ಎಂಟು ತಿಂಗಳಿಂದ ಈ ಕೆಲಸ ಮಾಡುತ್ತಿದ್ದಳಂತೆ.

"ಸೊಪ್ಪಿನ ಕೋಟು ಮಾವ. ಕೊಪ್ಪಲಿನ ಅಷ್ಟೂ ಹೆಂಗಸ್ರಿಗೂ ಹೊಲೀಬೇಕು. ಆ ಸೋಮವಾರದೊಳಗೆ."

"ಅಲ್ಲ ಕಣ್ ಕೂಸೆ, ನಿಮ್ಮವ್ವನ ಮಾನ ಓಯ್ತಾ ಅದೆ. ನೀನು ಕೋಟು ಅಂತೀಯಲ್ಲ?"

"ಗಂಡಸಿನ ಅಂಗಿ ತೊಟ್ಟರೆ ಅದು ಯಾರ್ದು ಅಂತ ಕೇಳ್ತಾರೆ. ಇವತ್ತು ನಮ್ಮವ್ವನ್ನ ಕೇಳಿದ್ರು, ನಾಳೆ ಇನ್ನೊಬ್ಬರನ್ನ ಕೇಳ್ತಾರೆ. ಮೈಮೇಲಿರೋದು ಅವರದ್ದೇ ಆದ್ರೆ ಯಾರು ಏನು ಕೇಳ್ತಾರೆ ಮಾವ?"

ಸಿಕ್ಕಿಬಿದ್ದಾಗ ಕೆಲಸದ ಮಾತಿಗೆ ಹೊರಳುವುದು ನನ್ನ ಅಭ್ಯಾಸ. ಬಟ್ಟೆ ಎಲ್ಲಿದೆ ಎಂದೆ. ಪರೀಕ್ಷೆಯ ಪ್ರದರ್ಶನಕ್ಕೆಂದು ಎತ್ತಿಟ್ಟಿದ್ದ ಇಡೀ ಥಾನನ್ನು ಬಸ್ಸಿನಲ್ಲಿ ಹೊತ್ತು ತಂದಿದ್ದಳು. ದಪ್ಪ ಹತ್ತಿ, ಅಪ್ಪಟ ಹಳದಿ. ಇದನ್ನು ಕತ್ತರಿಸಿದರೆ ಪರೀಕ್ಷೆಗೇನು ಮಾಡುತ್ತೀ ಎಂದರೆ, "ಇದೇ ಪರೀಕ್ಷೆ ಅಂದ್ಕಳಿ ಬುಡಿ," ಎಂದಳು. ಹಳದಿಯ ಮೇಲೆ ಅಂಟು ಎದ್ದು ಕಾಣುತ್ತದಲ್ಲೇ ಎಂದರೆ, "ಕಾಣ್ಲಿ ಅಂತಾನೇ ಮಾವ. ಮಾಡೋ ಕೆಲಸ ಯಾಕೆ ಬಚ್ಚಿಡಬೇಕು?" ಎಂದಳು.

ಮಧ್ಯಾಹ್ನ ಇಬ್ಬರೂ ಕೊಪ್ಪಲಿಗೆ ಹೋದೆವು. ಮಾಯಮ್ಮ ಒಲೆ ಹಚ್ಚದೆ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ನೀರು ಕೊಟ್ಟಳು.

"ತಪ್ಪಾಯ್ತು ಅಂತ ಒಂದ್ ಮಾತ್ ಅಂದ್ಬುಡ್ತೀನಿ ಕಣ್ ಮಗ," ಎಂದಳು ಮಗಳಿಗೆ. "ಮುಗುದ್ ಓಯ್ತದೆ. ಆಮೇಲೆ ಕೆಲಸಕ್ಕಾದ್ರೂ ಕರೀತಾರೆ."

"ಮಾಡ್ದೇ ಇರೋ ತಪ್ಪಿಗಾ?"

"ಒಂದ್ ಮಾತಲ್ವಾ?"

"ಅವ್ವ, ಆ ಒಂದ್ ಮಾತು ಅಂದ್ಬುಟ್ರೆ, ಆಮೇಲೆ ಸಾಯೋವರ್ಗೂ ಈ ಊರಲ್ಲಿ ಏನ್ ಕಳುವಾದ್ರೂ ಮೊದ್ಲು ನಿನ್ ಮನೆ ಬಾಗ್ಲು ತಟ್ತಾರೆ." ಪದ್ಮಶ್ರೀ ಅವ್ವನ ಎದುರು ಕುಕ್ಕರಗಾಲಲ್ಲಿ ಕೂತಳು. "ಸೋಮವಾರ ನೀನು ಬಾಯಿ ಬಿಡಬ್ಯಾಡ. ಅಲ್ಲೀತಂಕ ತಡ್ಕೋ."

ಮಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಪುಟ್ಟಮಾದಮ್ಮ, ಯಜಮಾನ ಷಣ್ಮುಖಪ್ಪನವರ ಹೆಂಡತಿ. ಆಕೆ ಒಳಗೆ ಬಂದು ಚಿತ್ರದ ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನಂಗೂ ಒಂದು ಒಲಿ ಮಗಾ," ಎಂದರು. "ಮೂವತ್ನಾಕು ವರ್ಷದಿಂದ ಆ ಗಂಡಸಿನ ಬೆವರು ವಾಸ್ನೇಲಿ ಕುಂತು ಸೊಪ್ಪು ಕಟ್ಟಿವ್ನಿ. ಸಾಕು."

ಪದ್ಮಶ್ರೀ ಟೇಪು ತೆಗೆದಳು. ಅಳತೆ ಬರೆದುಕೊಳ್ಳುವುದು ನನ್ನ ಪಾಲಿಗೆ ಬಂತು. ಯಜಮಾನತಿ ಸೆಟೆದು ನಿಂತರೆ ಹುಡುಗಿ, "ನಿಂತ್ಕಬ್ಯಾಡಿ ದೊಡ್ಡವ್ವ, ಕುಂತ್ಕಳಿ. ಸೊಪ್ಪು ಕಟ್ಟೋ ಹಾಗೇ ಕುಂತ್ಕಳಿ," ಎಂದಳು. ಆಕೆ ನೆಲದ ಮೇಲೆ ಕೂತು, ಇಲ್ಲದ ಕಡ್ಡಿಗೆ ಇಲ್ಲದ ಎಲೆ ಕಟ್ಟತೊಡಗಿದರು. ಹುಡುಗಿ ಸುತ್ತ ಮಂಡಿಯೂರಿ ಬೆನ್ನು ಅಳೆದಳು, ಬಗ್ಗಿದಾಗ ಬೆನ್ನು ಎಷ್ಟು ಉದ್ದವಾಗುತ್ತದೆಂದು ಮತ್ತೆ ಅಳೆದಳು, ತೋಳು ಮುಂದೆ ಚಾಚಿಸಿ ಅಳೆದಳು, ಮಡಿಸಿದ ಮಂಡಿಯ ಸುತ್ತ ಅಳೆದಳು. ನಾನು ಪೆನ್ನು ಹಿಡಿದು ಬಾಯಿ ಬಿಟ್ಟುಕೊಂಡು ನೋಡಿದೆ. ನಲವತ್ತೊಂದು ವರ್ಷದಲ್ಲಿ ಸಾವಿರಾರು ಜನರ ಅಳತೆ ತೆಗೆದಿದ್ದೇನೆ, ಎಲ್ಲರನ್ನೂ ನೆಟ್ಟಗೆ ನಿಲ್ಲಿಸಿಯೇ. ದಿನವಿಡೀ ಕೂತು ಕೆಲಸ ಮಾಡುವವರ ಅಳತೆಯನ್ನು ಕೂರಿಸಿ ತೆಗೆಯಬೇಕು ಎನ್ನುವುದು ನನ್ನ ತಲೆಗೆ ಬಂದದ್ದೇ ಇಲ್ಲ. ಆ ಹುಡುಗಿಯ ಕಾಲೇಜನ್ನು ಗೇಲಿ ಮಾಡಿದ ಬಾಯಿಗೆ ಅವತ್ತು ಬೀಗ ಬಿತ್ತು.

ಯಜಮಾನತಿಯೇ ಅಳತೆ ಕೊಟ್ಟರು ಎಂದ ಮೇಲೆ ಉಳಿದವರಿಗೆ ಧೈರ್ಯ ಬಂತು. ಎರಡು ದಿನದಲ್ಲಿ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಬಂದರು. ಮೊದಮೊದಲು ನಾಚಿಕೆ, ಆಮೇಲೆ ನೋಡಬೇಕು ಅವರ ಬೇಡಿಕೆ. ಒಬ್ಬಳಿಗೆ ಫೋನಿಗೊಂದು ಜೇಬು ಬೇಕು, ಅದೂ ಬಗ್ಗಿದರೆ ಬೀಳಬಾರದು. ಇನ್ನೊಬ್ಬಳಿಗೆ ಎಲೆಅಡಿಕೆಗೆ ಬೇರೆ ಜೇಬು. ಮೊಲೆಯುಣಿಸುವ ಮಗುವಿದ್ದ ಚೈತ್ರ ಎಂಬ ಹುಡುಗಿ, ಕೈ ತೊಳೆದುಕೊಂಡು ತಕ್ಷಣ ಕೋಟು ಸರಿಸಲು ಆಗಬೇಕು ಎಂದಳು. ಪದ್ಮಶ್ರೀ ಯಾವುದಕ್ಕೂ ಆಗಲ್ಲ ಅನ್ನಲಿಲ್ಲ. ಬೈಲಕುಪ್ಪೆಯ ಟಿಬೆಟಿನ ಹೆಂಗಸರು ಉಡುಪನ್ನು ಎದೆಯ ಮೇಲೆ ಒಂದರ ಮೇಲೊಂದು ತಂದು ಪಕ್ಕಕ್ಕೆ ಕಟ್ಟಿಕೊಳ್ಳುತ್ತಾರಲ್ಲ, ಹಾಗೆ ಕಟ್ಟುವ ದಾರ ಇಟ್ಟಳು. ಗುಂಡಿಯ ಕಾಟವೇ ಇಲ್ಲ. ಮುಂಗೈಗೆ ಒಳಗೊಂದು ಎಲಾಸ್ಟಿಕ್ ಪಟ್ಟಿ, ಕುತ್ತಿಗೆಗೆ ನಿಂತ ಕಾಲರ್, ಮಂಡಿ ಮಡಿಸಲು ಎರಡೂ ಪಕ್ಕ ಸೀಳು. ಬಟ್ಟೆ ಸಾಲದೆ ಬಂದಾಗ ಹೆಂಗಸರೇ ನಾಲ್ಕು ಜನ ಬೈಲಕುಪ್ಪೆಗೆ ಹೋಗಿ ಅದೇ ಹಳದಿ ಹುಡುಕಿ ತಂದರು.

ಸುಂದ್ರಮ್ಮ ಬಂದದ್ದು ಎಲ್ಲರಿಗಿಂತ ಕೊನೆಗೆ, ಗುರುವಾರ, ನನ್ನ ಅಂಗಡಿಗೆ, ಒಬ್ಬಳೇ. ಹುಡುಗಿ ಈಗಲಾದರೂ ಕೇಳುತ್ತಾಳೆ, ಜಗಳವಾಗುತ್ತದೆ ಎಂದು ನಾನು ಕತ್ತರಿ ಕೆಳಗಿಟ್ಟೆ. ಪದ್ಮಶ್ರೀ ಚಾಪೆ ಹಾಸಿ, "ಕುಂತ್ಕಳಿ ಚಿಕ್ಕವ್ವ," ಎಂದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತೋಳಿನ ಸುತ್ತಳತೆಗೆ ಟೇಪು ಬಿಗಿದಾಗ ಸುಂದ್ರಮ್ಮ ಹಾ ಎಂದು ಕೈ ಎಳೆದುಕೊಂಡಳು. ಹುಡುಗಿ ಟೇಪು ಸಡಿಲಿಸಿ ಅಲ್ಲಿ ಒಂದು ಇಂಚು ಹೆಚ್ಚಿಗೆ ಬರೆಸಿದಳು.

"ಇದು ನಂದೇ ಅಲ್ವಾ?" ಎಂದು ಸುಂದ್ರಮ್ಮ ಹೊರಡುವಾಗ ಕೇಳಿದಳು. "ಎಲ್ಲೋಯ್ತು, ಏನಾಯ್ತು ಅಂತ ಯಾರೂ ಕೇಳಂಗಿಲ್ಲ ಅಲ್ವಾ?"

"ನಿಮ್ದೇ. ಯಾರೂ ಕೇಳಂಗಿಲ್ಲ."

ಆ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ನಾನೂ ಕಟ್ಟೆಯ ಹತ್ತಿರ ಹೋದೆ. ಗಂಡಸರು ಆಗಲೇ ಹೊಲದಿಂದ ಸೊಪ್ಪು ಮುರಿದು ತಂದು ಅಂಗಳಗಳಲ್ಲಿ ರಾಶಿ ಹಾಕಿ ಬಂದಿದ್ದರು. ಹತ್ತು ನಿಮಿಷದಲ್ಲಿ ತಪ್ಪೊಪ್ಪಿಗೆ ಮುಗಿಸಿ ಹೆಂಗಸರನ್ನು ಕಟ್ಟಲು ಕಳಿಸುವ ಲೆಕ್ಕಾಚಾರ. ಕಟ್ಟೆಯ ಮೇಲೆ ನಡುವೆ ಷಣ್ಮುಖಪ್ಪ, ಪಕ್ಕದಲ್ಲಿ ಕಾಂತರಾಜು ಮೀಸೆ ತಿರುವುತ್ತ ಕೂತಿದ್ದ. ಹಿಂದೆ ಬೆಟ್ಟ ಮಂಜು ಬಿಟ್ಟು ನಿಚ್ಚಳವಾಗಿತ್ತು.

ಹೆಂಗಸರು ಕೆಳಗಿನ ಬೀದಿಯಿಂದ ಬಂದರು. ಇಪ್ಪತ್ತೊಂದು ಹಳದಿ ಕೋಟು. ಹುಡುಗಿಯೂ ನಾನೂ ಸೇರಿ ಹೊಲಿದದ್ದು, ಒಂದೊಂದರ ಹೊಲಿಗೆಯೂ ನನಗೆ ಗೊತ್ತಿತ್ತು. ಆದರೂ ಮೈಮೇಲೆ, ಒಟ್ಟಿಗೆ, ನಡೆದು ಬರುವುದನ್ನು ಕಂಡದ್ದು ಆಗಲೇ. ದೊಗಳೆ ತೋಳು ಮಡಿಸಿಕೊಂಡು, ಭುಜ ಜಾರುವ ಅಂಗಿಯಲ್ಲಿ ಕುಗ್ಗಿ ನಡೆಯುತ್ತಿದ್ದ ಆ ಹೆಂಗಸರೇ ಇವರು ಎಂದರೆ ನಂಬುವ ಹಾಗಿರಲಿಲ್ಲ. ಕೋಟು ಅವರವರ ಬೆನ್ನಿಗೆ, ಅವರವರ ತೋಳಿಗೆ ಹೊಂದಿಕೊಂಡಿತ್ತು. ಕೈಯಲ್ಲಿ ಒಬ್ಬೊಬ್ಬರೂ ಒಂದೊಂದು ಗಂಡಸಿನ ಅಂಗಿ ಹಿಡಿದಿದ್ದರು. ಮುಂದೆ ಮಾಯಮ್ಮ, ಚೌಕುಳಿ ಅಂಗಿಯೊಂದಿಗೆ. ಅವಳ ಪಕ್ಕದಲ್ಲಿ ಪದ್ಮಶ್ರೀ.

"ಏನಿದು ವೇಸ?" ಎಂದರು ಷಣ್ಮುಖಪ್ಪ.

ಪುಟ್ಟಮಾದಮ್ಮ ಮುಂದೆ ಬಂದು, ತಮ್ಮ ಕೈಯಲ್ಲಿದ್ದ ಅಂಗಿಯನ್ನು ಗಂಡನ ಕಾಲ ಬಳಿ ಇಟ್ಟರು. "ನಿಮ್ಮದು. ಇನ್ನು ನಂಗೆ ಬ್ಯಾಡ." ಹಿಂದಿನವಳು ಇಟ್ಟಳು, ಅವಳ ಹಿಂದಿನವಳು ಇಟ್ಟಳು. ಅಂಟಿನಿಂದ ಕಪ್ಪಾಗಿ ಬಿರುಸಾದ ಅಂಗಿಗಳ ಗುಡ್ಡೆಯಾಯಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.

"ಒಬ್ಬರ ಅಂಗಿ ಇನ್ನೊಬ್ಬರ ಮೈಮೇಲಿದ್ರೆ ತಪ್ಪು ಅಂದ್ರಲ್ಲ," ಎಂದಳು ಪದ್ಮಶ್ರೀ. ಧ್ವನಿ ಏರಿಸಲಿಲ್ಲ. "ವಾಪಸ್ ಕೊಟ್ಟಿದ್ದಾರೆ. ನಿಮ್ಮ ನಿಮ್ಮ ಅಂಗಿ ತಗೊಳ್ಳಿ."

ಒಬ್ಬನೂ ಕೈ ಹಾಕಲಿಲ್ಲ. ಯಾರದು ಯಾವುದೆಂದು ತಿಳಿದರೆ ತಾನೆ? ಷಣ್ಮುಖಪ್ಪ ನನ್ನ ಕಡೆ ತಿರುಗಿ, ಗುರುಮಲ್ಲಪ್ಪ ನೀನೇ ಹೇಳಯ್ಯ ಎಂದರು. ನನಗೆ ಹದಿನಾಲ್ಕರ ಗುರುತಂತೂ ನಿಂತಲ್ಲಿಂದಲೇ ಸಿಕ್ಕಿತ್ತು. "ಒಲಿಯೋದು ನನ್ನ ಕೆಲಸ ಸ್ವಾಮಿ. ಇನ್ಮ್ಯಾಕೆ ಗುರ್ತು ಇಡಿಯೋದಿಲ್ಲ," ಎಂದೆ.

"ಆಟ ಸಾಕು!" ಕಾಂತರಾಜು ಎದ್ದು ನಿಂತ. "ಮಾಯಮ್ಮ, ಆ ಅಂಗಿ ಇಲ್ಲಿ ಕೊಡು. ತಪ್ಪಾಯ್ತು ಅನ್ನು."

ಮಾಯಮ್ಮನ ತುಟಿ ಅಲುಗಿದ್ದನ್ನು ನಾನು ನೋಡಿದೆ. ಅಂದೇಬಿಡುತ್ತಾಳೆ ಅಂದುಕೊಂಡೆ. ಆಗ ಹಿಂದಿನ ಸಾಲಿನಿಂದ ಸುಂದ್ರಮ್ಮ ಮುಂದೆ ಬಂದಳು. ಮಾಯಮ್ಮನ ಕೈಯಿಂದ ಚೌಕುಳಿ ಅಂಗಿಯನ್ನು ತಾನೇ ತೆಗೆದುಕೊಂಡಳು.

"ಇದ ಯಾರೂ ಕದೀನಿಲ್ಲ. ಪಾತ್ರೆಯೋನು ಬಂದಿದ್ದ. ಅಳೇ ಬಟ್ಟೆ ಜೊತೆ ಇದನ್ನೂ ಆಕ್ದೆ, ಒಂದು ಸ್ಟೀಲ್ ಡಬ್ಬ ಕೊಟ್ಟ. ನಾನೇ ಕೊಟ್ಟಿದ್ದು."

"ಮತ್ತೆ ಕಳುವಾಯ್ತು ಅಂದ್ಯಲ್ಲೇ?" ಎಂದ ಕಾಂತರಾಜು.

"ನಿಮಗೆ ಇಷ್ಟದ ಅಂಗಿ ಅಂತ ಆಮೇಲ್ ಗೊತ್ತಾಯ್ತು. ಏಳಿದ್ರೆ ವಡೀತಿದ್ರಿ." ಸುಂದ್ರಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. "ಕಳುವಾಯ್ತು ಅಂದಿದ್ದಕ್ಕೂ, ನೋಡ್ಕೊಳ್ಳಿಲ್ಲ ಅಂತ ವಡುದ್ರಿ. ಮಾಯಕ್ಕನ ಮ್ಯಾಲೆ ಅಪವಾದ ಬಂದಾಗ ಬಾಯ್ ಬಿಡಾನಾ ಅಂದ್ಕಂಡೆ. ಭಯ ಆಯ್ತು."

ಕಾಂತರಾಜು ಕಟ್ಟೆಯಿಂದ ಇಳಿಯಲು ಕಾಲು ಕೆಳಗಿಟ್ಟ. ಪುಟ್ಟಮಾದಮ್ಮ ಸುಂದ್ರಮ್ಮನ ಮುಂದೆ ಹೋಗಿ ನಿಂತರು. ಚೈತ್ರ ನಿಂತಳು. ಇನ್ನೂ ಮೂವರು ನಿಂತರು. ಅವನು ಕಾಲನ್ನು ವಾಪಸು ಮೇಲಕ್ಕೆ ಎಳೆದುಕೊಂಡ.

ಷಣ್ಮುಖಪ್ಪ ಗಂಟಲು ಸರಿಮಾಡಿಕೊಂಡರು. "ಸರಿ, ಗೊತ್ತಾಯ್ತಲ್ಲ. ಮಾಯಮ್ಮ, ನೀನೂ ಕೆಲಸಕ್ಕೆ ಬಾರವ್ವ. ಎಲ್ರೂ ನಡೀರಿ, ಸೊಪ್ಪು ಕಾವು ಇಡೀತದೆ."

ಹೆಂಗಸರು ಮಾಯಮ್ಮನನ್ನು ನೋಡಿದರು. ಮಗಳೂ ನೋಡಿದಳು. ಅವಳು ಆ ಒಂಬತ್ತು ದಿನ ಏನು ಯೋಚಿಸಿದಳೋ ಯಾರಿಗೆ ಗೊತ್ತು. ಕೋಟಿನ ದಾರವನ್ನು ಇನ್ನೊಮ್ಮೆ ಬಿಗಿದು ಕಟ್ಟಿಕೊಂಡಳು.

"ನನ್ನ ಕೈಲಿ ತಪ್ಪಾಯ್ತು ಅನ್ನಿಸಬೇಕು ಅಂತ ಕರ್ಸಿದ್ರಿ ಯಜಮಾನ್ರೆ," ಎಂದಳು. "ತಪ್ಪು ನಂದಲ್ಲ ಅಂತ ಆಯ್ತಲ್ಲ. ಈಗ ನೀವು ಅನ್ನಿ."

ಕಟ್ಟೆಯ ಮೇಲೆ ಯಾರೋ ನಕ್ಕರು. ಮಾಯಮ್ಮ ನಗಲಿಲ್ಲ. ಕಟ್ಟೆಯ ಎದುರಿನ ಮಣ್ಣಿನಲ್ಲಿ ಕೂತಳು. ಸೊಪ್ಪು ಕಟ್ಟಲು ಕೂರುವ ಹಾಗೇ, ಒಂದು ಮಂಡಿ ಮಡಿಸಿ. ಅವಳ ಪಕ್ಕ ಸುಂದ್ರಮ್ಮ ಕೂತಳು, ಪುಟ್ಟಮಾದಮ್ಮ ಕೂತರು, ನೋಡುತ್ತಿದ್ದಂತೆ ಇಪ್ಪತ್ತೊಂದು ಜನವೂ ಕೂತರು. ಯಾರೂ ಎಲ್ಲಿಯೂ ಎಳೆದುಕೊಳ್ಳಬೇಕಾಗಲಿಲ್ಲ, ಸರಿಮಾಡಿಕೊಳ್ಳಬೇಕಾಗಲಿಲ್ಲ. ಆ ಉಡುಪಿನಲ್ಲಿ ಅವರು ಸಂಜೆಯವರೆಗೂ ಕೂರಬಲ್ಲರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹತ್ತಾಯಿತು. ಹತ್ತೂವರೆಯಾಯಿತು. ಬಿಸಿಲು ಏರಿತು. ಗಂಡಸರು ಮೊದಲು ಗದರಿದರು, ಆಮೇಲೆ ಪುಸಲಾಯಿಸಿದರು, ಕೊನೆಗೆ ತಮ್ಮ ತಮ್ಮ ಅಂಗಳದ ರಾಶಿಗಳನ್ನು ನೆನೆದು ಬೆವರತೊಡಗಿದರು. ಒಬ್ಬ ಓಡಿಹೋಗಿ ರಾಶಿಯೊಳಗೆ ಕೈಯಿಟ್ಟು ನೋಡಿ, ಬೆಚ್ಚಗಾಗಿದೆ ಎಂದು ಬಂದ. ನನಗೆ ನಿಂತಿರಲು ಆಗಲಿಲ್ಲ. ಮಾಯಮ್ಮನ ಎದುರು ಹೋಗಿ, "ತಪ್ಪಾಯ್ತು ಕಣವ್ವ. ನನ್ನ ಬಾಯಿಂದಲೇ ಇಷ್ಟೆಲ್ಲ," ಎಂದು ಕೈಮುಗಿದೆ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

"ಆಯ್ತು ಅಣ್ಣಯ್ಯ. ಕುಂತ್ಕಳಿ," ಎಂದಳು. ಹೆಂಗಸರ ನಡುವೆ ಜಾಗ ಮಾಡಿಕೊಟ್ಟರು, ಕೂತೆ.

ಹನ್ನೊಂದಕ್ಕೆ ಷಣ್ಮುಖಪ್ಪ ನೆಲ ನೋಡುತ್ತ ಏನೋ ಗೊಣಗಿದರು.

"ಕೇಳಿಸ್ನಿಲ್ಲ ಯಜಮಾನ್ರೆ," ಎಂದಳು ಮಾಯಮ್ಮ. "ಊರಿಗೆಲ್ಲ ಕೇಳಂಗೆ ಅನ್ಬೇಕು ಅಂತ ನೀವೇ ಅಂದಿದ್ರಿ."

ಪುಟ್ಟಮಾದಮ್ಮ ಗಂಡನನ್ನೇ ದಿಟ್ಟಿಸಿದರು. ಷಣ್ಮುಖಪ್ಪ ಎದ್ದು ನಿಂತು, ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಹಿಡಿದರು. "ತಪ್ಪಾಯ್ತು ಕಣವ್ವ ಮಾಯಮ್ಮ," ಎಂದರು. ಈ ಸಲ ಊರಾಚೆಯ ಬ್ಯಾರನ್ನುಗಳವರೆಗೂ ಕೇಳಿಸಿತು.

ಗಂಡಸರೆಲ್ಲ ನಿಟ್ಟುಸಿರು ಬಿಟ್ಟು ಹೊರಡಲು ಎದ್ದರು. ಮಾಯಮ್ಮ ಏಳಲಿಲ್ಲ. ಅವಳು ಏಳದೆ ಉಳಿದವರೂ ಏಳಲಿಲ್ಲ. ಅವಳ ಕಣ್ಣು ಕಾಂತರಾಜನ ಮೇಲಿತ್ತು.

"ನಂಗೆ ಬ್ಯಾಡ ಕಣಪ್ಪ," ಎಂದಳು, ಪಕ್ಕದ ಸುಂದ್ರಮ್ಮನನ್ನು ತೋರಿಸಿ. "ಇವಳಿಗೆ ಅನ್ನು."

ಕಾಂತರಾಜು ಸುತ್ತ ನೋಡಿದ. "ಬೇಗ ಅಂದ್ಬುಡ್ಲಾ, ಸೊಪ್ಪು ಆಳಾಯ್ತದೆ," ಎಂದ ಅವನ ಅಣ್ಣನೇ. ಕೊನೆಗೆ ಅವನು ಕಟ್ಟೆ ಇಳಿದು ಬಂದು ಹೆಂಡತಿಯ ಎದುರು ನಿಂತ.

"ತಪ್ಪಾಯ್ತು," ಎಂದ.

ಸುಂದ್ರಮ್ಮ ತಲೆಯೆತ್ತಿ ನೋಡಿದಳು. "ಇನ್ನೊಂದ್ ಸಲ ಕೈ ಎತ್ತುದ್ರೆ?"

"ಎತ್ತಲ್ಲ."

"ಎತ್ತುದ್ರೆ ಮಾತ್ರ ನಾವೆಲ್ರೂ ಇಲ್ಲೇ ಬಂದು ಕುಂತ್ಕತೀವಿ," ಎಂದಳು. ನಾವೆಲ್ಲರೂ ಎಂದಾಗ ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ಆಮೇಲೆ ಕೋಟಿನ ಮಣ್ಣು ಕೊಡವಿಕೊಂಡು, ಎಲ್ಲರಿಗಿಂತ ಮೊದಲು ಎದ್ದಳು.